ಎಡಿಟ್ ಮಾಡಿದ ಫೋಟೊ ಎಲ್ಲಿದೆ?

ರಂಗನತಿಟ್ಟಿನಲ್ಲಿ ಒಂದು ದೋಣಿ ಸುತ್ತು ಮುಗಿಸಿ ಬಂದರೆ ಕಾರ್ಡಿನ ತುಂಬ ನೂರಾರು ಫೋಟೊ. ಅವನ್ನು ಜೋಡಿಸಿ, ಆರಿಸಿ, ತಿದ್ದಲು ಲೈಟ್‌ರೂಮ್, ಡಾರ್ಕ್‌ಟೇಬಲ್, ಡಿಜಿಕ್ಯಾಮ್‌ನಂಥ ಸಾಫ್ಟ್‌ವೇರ್‌ಗಳಿವೆ. ಕಲಿಯಲು ಕೂತವರು ಬೆಳಕು, ಬಣ್ಣ ಹೆಚ್ಚು-ಕಡಿಮೆ ಮಾಡುವ ಸ್ಲೈಡರ್‌ಗಳಿಗೆ ಸೀದಾ ಕೈ ಹಾಕುತ್ತಾರೆ. ಅದಕ್ಕೂ ಮೊದಲು ಒಂದು ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಲೈಟ್‌ರೂಮಿನಲ್ಲಿ ತಿದ್ದಿದ ಫೋಟೊ ಕಂಪ್ಯೂಟರಿನಲ್ಲಿ ಎಲ್ಲಿ ಉಳಿಯುತ್ತದೆ?

ಎಲ್ಲೂ ಉಳಿಯುವುದಿಲ್ಲ!

1990ರಲ್ಲಿ ಬಂದ ಫೋಟೊಶಾಪ್ ಚಿತ್ರದ ಚುಕ್ಕೆಗಳನ್ನೇ ಬದಲಿಸುತ್ತಿತ್ತು. ಸೇವ್ ಮಾಡಿದರೆ ಹಳೆಯದು ಹೋಯಿತು. ಅದೇ ಅಡೋಬಿ ಕಂಪನಿ 2007ರಲ್ಲಿ ತಂದ ಲೈಟ್‌ರೂಮ್ ನಿಮ್ಮ ಮೂಲ ಚಿತ್ರವನ್ನು ಮುಟ್ಟುವುದೇ ಇಲ್ಲ. 'ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸು (ಅಂದರೆ ಬೆಳಕನ್ನು ಎರಡರಷ್ಟು ಮಾಡು), ಎಡಗಡೆ ಇಷ್ಟು ಕತ್ತರಿಸು' ಎಂದು ಸೂಚನೆಗಳನ್ನು ಮಾತ್ರ ಬರೆದಿಡುತ್ತದೆ. ನೀವು ಫೋಟೊ ತೆರೆದಾಗ ಆ ಸೂಚನೆಗಳನ್ನು ಲೆಕ್ಕಹಾಕಿ ಪರದೆಯ ಮೇಲೆ ತೋರಿಸುತ್ತದೆ, ಅಷ್ಟೇ. ಹತ್ತು ವರ್ಷ ಬಿಟ್ಟು ಬಂದರೂ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಬಹುದು. ಒಂದೇ ಚಿತ್ರದ ಕಪ್ಪು-ಬಿಳುಪು ಆವೃತ್ತಿ ಬೇಕೆಂದರೆ ಇನ್ನೊಂದಿಷ್ಟು ಸಾಲು ಸೂಚನೆ ಸಾಕು, ಡಿಸ್ಕ್ ತುಂಬುವುದಿಲ್ಲ.

ಈ ಸೂಚನೆಗಳು ಸೇರುವ ಜಾಗಕ್ಕೆ ಕ್ಯಾಟಲಾಗ್ ಎನ್ನುತ್ತಾರೆ. ಅದೊಂದು ಡೇಟಾಬೇಸ್ ಫೈಲು. ಕ್ಯಾಟಲಾಗ್ ಅಂದರೆ ಪಹಣಿ ಇದ್ದ ಹಾಗೆ. ಅದರಲ್ಲಿ ಸರ್ವೆ ನಂಬರು, ಬೆಳೆ, ಮಾಲೀಕ ಎಲ್ಲ ಇರುತ್ತದೆ, ಜಮೀನು ಮಾತ್ರ ಊರಲ್ಲೇ ಇರುತ್ತದೆ. ಹೊಸಬರು ಎಡವುವುದು ಇಲ್ಲೇ. ಲೈಟ್‌ರೂಮಿನ ಹೊರಗೆ ಹೋಗಿ ಫೋಲ್ಡರಿನ ಹೆಸರು ಬದಲಿಸುತ್ತಾರೆ, ಇಲ್ಲವೇ ಬೇರೆ ಡಿಸ್ಕಿಗೆ ಸಾಗಿಸುತ್ತಾರೆ. ಆಮೇಲೆ 'ಫೈಲ್ ಸಿಗುತ್ತಿಲ್ಲ' ಎಂಬ ಗುರುತು ನೋಡಿ ಗಾಬರಿ. ಫೋಟೊ ಎಲ್ಲೂ ಹೋಗಿಲ್ಲ, ವಿಳಾಸ ತಪ್ಪಿದೆ. ಹೊಸ ಜಾಗ ತೋರಿಸಿದರೆ ಸರಿಹೋಗುತ್ತದೆ. ಇದಕ್ಕಿಂತ ಅಪಾಯದ್ದು ಬ್ಯಾಕಪ್ ವಿಷಯ. ಲೈಟ್‌ರೂಮ್ ಕ್ಲಾಸಿಕ್ (ಫೋಟೊಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟು ಕೆಲಸ ಮಾಡುವ ಲೈಟ್‌ರೂಮ್ ಆವೃತ್ತಿ) ಮುಚ್ಚುವಾಗ 'ಬ್ಯಾಕಪ್ ಮಾಡಲೇ?' ಎಂದು ಕೇಳುವುದು ಕ್ಯಾಟಲಾಗಿನದು ಮಾತ್ರ. ಫೋಟೊಗಳ ನಕಲು ನೀವೇ ಇನ್ನೊಂದು ಡಿಸ್ಕಿನಲ್ಲಿ ಇಡಬೇಕು. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ತನ್ನ ಡೇಟಾಬೇಸ್ ಜೊತೆಗೆ ಪ್ರತಿ ಫೋಟೊದ ಪಕ್ಕದಲ್ಲೂ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಸೂಚನೆ ಬರೆದಿಡುತ್ತದೆ. ನನಗೆ ಈ ಕ್ರಮವೇ ಜಾಸ್ತಿ ಹಿಡಿಸುತ್ತದೆ.

ಇನ್ನು ಸ್ಲೈಡರ್‌ಗಳಿಗೆ ಬರೋಣ. ಸೆನ್ಸರ್ ಅಳೆದದ್ದನ್ನು ಹಾಗೇ ಇಡುವ ರಾ ಫೈಲಿನಲ್ಲಿ ಇಷ್ಟೊಂದು ತಿದ್ದಬಹುದು, ಕ್ಯಾಮೆರಾ ಸಿದ್ಧಮಾಡಿ ಕುಗ್ಗಿಸಿ ಕೊಡುವ ಜೆಪೆಗ್‌ನಲ್ಲಿ ಆಗುವುದಿಲ್ಲ ಎನ್ನುತ್ತಾರಲ್ಲ, ಯಾಕೆ? ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕ. ಅದರ ಒಂದೊಂದು ಚುಕ್ಕೆಗೂ ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ಗೊತ್ತು, ಬಣ್ಣ ಗೊತ್ತಿಲ್ಲ. ಹಾಗಾಗಿ ಪ್ರತಿ ಚುಕ್ಕೆಯ ಮೇಲೆ ಕೆಂಪು, ಹಸಿರು ಅಥವಾ ನೀಲಿಯ ಒಂದು ಶೋಧಕ ಇರುತ್ತದೆ. ಈ ಜೋಡಣೆಗೆ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರ ಹೆಸರಿದೆ, ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಮ್ಮ ಕಣ್ಣು ಹಸಿರಿನ ಸುತ್ತಲ ಬೆಳಕಿಗೆ ಹೆಚ್ಚು ಚುರುಕು, ಅದಕ್ಕೇ ಅರ್ಧದಷ್ಟು ಚುಕ್ಕೆ ಹಸಿರಿನವು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮಾರು 1.2 ಕೋಟಿ ಹಸಿರು, ಕೆಂಪು ಮತ್ತು ನೀಲಿ ತಲಾ 60 ಲಕ್ಷ. ಪ್ರತಿ ಚುಕ್ಕೆಗೂ ಬೇಕಾದ ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದವರನ್ನು ನೋಡಿ ಸಾಫ್ಟ್‌ವೇರ್ ಊಹಿಸುತ್ತದೆ. ಅಂದರೆ ನಿಮ್ಮ ಫೋಟೊದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕಾಚಾರದಿಂದ ಬಂದದ್ದು! 'ನಾನು ಎಡಿಟ್ ಮಾಡೋದೇ ಇಲ್ಲ' ಎನ್ನುವವರ ಚಿತ್ರವನ್ನೂ ಕ್ಯಾಮೆರಾ ಒಳಗೇ ಎಡಿಟ್ ಮಾಡಿರುತ್ತದೆ.

ರಾ ಫೈಲ್ ಈ ಊಹೆಗೂ ಮುಂಚಿನ ಅಂಕಿಗಳನ್ನು ಇಟ್ಟುಕೊಂಡಿರುತ್ತದೆ. ಒಂದೊಂದು ಅಂಕಿಗೆ 14 ಬಿಟ್ ಜಾಗ ಇದ್ದರೆ ಪ್ರತಿ ಚುಕ್ಕೆಗೆ ಕತ್ತಲಿನಿಂದ ಬೆಳಕಿನವರೆಗೆ 16,384 ಮೆಟ್ಟಿಲು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಾತ್ರ. ಬೆಳ್ಳಕ್ಕಿಯ ಬಿಳಿ ಗರಿ ಸುಟ್ಟುಹೋಗದಿರಲಿ (ಬೆಳಕು ಹೆಚ್ಚಾಗಿ ವಿವರವೆಲ್ಲ ಅಳಿದು ಬರೀ ಬಿಳಿ ಆಗದಿರಲಿ) ಎಂದು ಕತ್ತಲಾಗಿ ತೆಗೆದ ಚಿತ್ರವನ್ನು ಆಮೇಲೆ ಬೆಳಗಿಸಿ ನೋಡಿ. ರಾ ಆಗಿದ್ದರೆ ನೆರಳಿನಲ್ಲಿ ಎಲೆ, ಕಲ್ಲು ಎದ್ದು ಬರುತ್ತವೆ, ಸ್ವಲ್ಪ ನಾಯ್ಸ್, ಅಂದರೆ ಕಾಳುಕಾಳು, ಇರುತ್ತದೆ. ಜೆಪೆಗ್ ಆಗಿದ್ದರೆ ಅಲ್ಲಿ ಚೌಕ ಚೌಕ ಕಲೆ. ಆದರೆ ಗರಿ ಪೂರ್ತಿ ಸುಟ್ಟಿದ್ದರೆ ರಾ ಕೂಡ ಕಾಪಾಡಲಾರದು. ಸೆನ್ಸರಿನ ಚುಕ್ಕೆ ಬೆಳಕಿನಿಂದ ತುಂಬಿ ಹರಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.

ಪ್ರಿಸೆಟ್ ಕೊಳ್ಳುವ ಹುಚ್ಚಿಗೂ ಇಲ್ಲೇ ಉತ್ತರ ಇದೆ. ಪ್ರಿಸೆಟ್ ಅಂದರೆ ಬೇರೆಯವರು ತಮ್ಮ ಬೆಳಕಿಗೆ ಬರೆದುಕೊಂಡ ಸೂಚನೆಗಳ ಕಂತೆ. ಸಂಜೆ ಬಿಸಿಲಿಗೆ ಬರೆದದ್ದನ್ನು ಮೋಡದ ಮಧ್ಯಾಹ್ನಕ್ಕೆ ಹಾಕಿದರೆ ಹಕ್ಕಿಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ.

ತಿದ್ದುವುದಕ್ಕಿಂತ ಮೊದಲು ಆರಿಸಿ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇಟ್ಟುಕೊಳ್ಳಲು 'ಪಿ', ಬೇಡವೆನ್ನಲು 'ಎಕ್ಸ್' ಒತ್ತಿದರೆ ಸಾಕು. ಉಳಿದವಕ್ಕೆ ಕೀವರ್ಡ್, ಅಂದರೆ ಆಮೇಲೆ ಹುಡುಕಲು ಬೇಕಾದ ಪದಗಳನ್ನು, ಬರೆಯಿರಿ, ಕನ್ನಡದಲ್ಲೇ ಬರೆಯಬಹುದು. ಆದರೆ ಒಮ್ಮೆ 'ಬೆಳ್ಳಕ್ಕಿ', ಇನ್ನೊಮ್ಮೆ 'ಕೊಕ್ಕರೆ' ಎಂದು ಬರೆದರೆ ಹುಡುಕುವಾಗ ಅರ್ಧ ಮಾತ್ರ ಸಿಗುತ್ತವೆ. ದಿನಾಂಕ, ಲೆನ್ಸ್, ಶಟರ್ ವೇಗವನ್ನು ಬರೆಯುವ ಕಷ್ಟ ಇಲ್ಲ, ಕ್ಯಾಮೆರಾ ಅದನ್ನೆಲ್ಲ ಎಕ್ಸಿಫ್ ಎಂಬ ಭಾಗದಲ್ಲಿ ತಾನೇ ಸೇರಿಸುತ್ತದೆ.

ಜಿಪಿಎಸ್ ಆನ್ ಇದ್ದರೆ ನೀವು ನಿಂತ ಜಾಗವೂ ಅಲ್ಲೇ ದಾಖಲಾಗುತ್ತದೆ. ಗೂಡಿನ ಫೋಟೊ ಹಂಚುವಾಗ ಇದು ಸಣ್ಣ ವಿಷಯ ಅಲ್ಲ, ಗೂಡು ಎಲ್ಲಿದೆ ಎಂದು ಎಲ್ಲರಿಗೂ ತಿಳಿದುಬಿಡುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗಲೇ ಸೂಚನೆಗಳೆಲ್ಲ ಸೇರಿ ಹೊಸ ಜೆಪೆಗ್ ಆಗುತ್ತದೆ. ಸ್ಥಳದ ಮಾಹಿತಿ ತೆಗೆದುಹಾಕುವ ಆಯ್ಕೆಯೂ ಅದೇ ಕಿಟಕಿಯಲ್ಲಿ, ಮೆಟಾಡೇಟಾ ವಿಭಾಗದಲ್ಲಿದೆ.