ಮನಸ್ಸು ಬರುವವರೆಗೆ ಕಾಯದೆ

ಖಿನ್ನತೆಯಲ್ಲಿರುವವರು ಪದೇಪದೇ ಹೇಳುವ ಮಾತೊಂದಿದೆ: "ಯಾವುದಕ್ಕೂ ಮನಸ್ಸೇ ಬರುತ್ತಿಲ್ಲ." ಸ್ನಾನಕ್ಕೆ, ಊಟಕ್ಕೆ, ಕಡೆಗೆ ರಿಂಗಾಗುತ್ತಿರುವ ಫೋನ್ ಎತ್ತುವುದಕ್ಕೂ ಮನಸ್ಸು ಬರುವುದಿಲ್ಲ. ಸುತ್ತಲಿನವರು ಅದನ್ನು ಸೋಮಾರಿತನವೆಂದುಕೊಳ್ಳುತ್ತಾರೆ, ಇಲ್ಲವೇ "ಧೈರ್ಯ ತಂದುಕೋ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳಿದರೂ, ಧೈರ್ಯ ತಂದುಕೊಳ್ಳಲಾಗದವರಿಗೆ ಅದು ಇನ್ನೊಂದು ಸೋಲಾಗಿ ಕಾಣುತ್ತದೆ. ಮಾತಿನ ಚಿಕಿತ್ಸೆಯೆಂದರೆ ಇಂಥದ್ದೇ ಸಮಾಧಾನದ ಮಾತು ಎಂದು ಬಹಳಷ್ಟು ಜನ ತಿಳಿದಿದ್ದಾರೆ. ಅದು ಸಮಾಧಾನವಲ್ಲ, ಬುದ್ಧಿವಾದವಂತೂ ಅಲ್ಲವೇ ಅಲ್ಲ.

ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಲಿತದ್ದು ಒಳಮನಸ್ಸಿನಲ್ಲಿ ಅಡಗಿದ ಭಾವಗಳನ್ನು ಬಗೆದು ನೋಡುವ ಮನೋವಿಶ್ಲೇಷಣೆಯನ್ನು. ಖಿನ್ನತೆಯೆಂದರೆ ತನ್ನ ಮೇಲೆಯೇ ತಿರುಗಿದ ಸಿಟ್ಟು ಎಂಬುದು ಆ ಪಂಥದ ನಂಬಿಕೆ. ಅದನ್ನು ಸಾಬೀತುಪಡಿಸಲೆಂದೇ ಅವರು ರೋಗಿಗಳ ಕನಸುಗಳನ್ನು ಪರಿಶೀಲಿಸಿದರು. ಅಲ್ಲಿ ಕಂಡದ್ದು ಸಿಟ್ಟಲ್ಲ, ಸೋಲು ಮತ್ತು ನಷ್ಟ. ಎಚ್ಚರದಲ್ಲಿಯೂ ಅದೇ: ನಾನು ಅಯೋಗ್ಯ, ಲೋಕ ನನ್ನ ಪಾಲಿಗಿಲ್ಲ, ಮುಂದೆಯೂ ಹೀಗೆಯೇ ಎಂಬ ಯೋಚನೆಗಳು ಕರೆಯದೆ ಬಂದು, ಪರೀಕ್ಷೆಗೊಳಗಾಗದೆ ನಿಜವೆನಿಸಿಕೊಳ್ಳುತ್ತಿದ್ದವು. 1960ರ ದಶಕದಲ್ಲಿ ಅವರು ಕಟ್ಟಿದ ಚಿಕಿತ್ಸೆ ಈ ಪರೀಕ್ಷೆಯದ್ದೇ. ಗೆಳತಿಗೆ ಕಳಿಸಿದ ಸಂದೇಶಕ್ಕೆ ಉತ್ತರ ಬಂದಿಲ್ಲ. "ಅವಳಿಗೆ ನಾನು ಬೇಡವಾಗಿದ್ದೇನೆ" ಎಂದು ಮನಸ್ಸು ತೀರ್ಪು ಕೊಟ್ಟಾಗಿದೆ. ಚಿಕಿತ್ಸಕರು "ಹಾಗೆಲ್ಲ ಯೋಚಿಸಬೇಡಿ" ಎನ್ನುವುದಿಲ್ಲ. ಆ ತೀರ್ಪಿಗೆ ಆಧಾರವೇನು, ಬೇರೆ ಕಾರಣವಿರಬಹುದೇ ಎಂದು ಕೇಳುತ್ತಾರೆ. ಅವಳಿಗೆ ಫೋನ್ ಮಾಡಿ ನೋಡುವುದು ಮುಂದಿನ ಭೇಟಿಯೊಳಗೆ ಮಾಡಿಬರಬೇಕಾದ ಅಭ್ಯಾಸವಾಗಬಹುದು. ಕೆಲವೊಮ್ಮೆ ಕೆಟ್ಟ ಊಹೆಯೇ ನಿಜವಾಗಿರುತ್ತದೆ. ಆಗ ಅದನ್ನು ಎದುರಿಸುವ ಬಗೆಯ ಬಗ್ಗೆ ಮಾತು ನಡೆಯುತ್ತದೆ.

ನನ್ನನ್ನು ಹೆಚ್ಚು ಸೆಳೆದದ್ದು ಮುಂದಿನ ಕಥೆ. ಯೋಚನೆಯ ಪರೀಕ್ಷೆಯ ಜೊತೆಗೆ ಬೆಕ್ ಅವರ ಚಿಕಿತ್ಸೆಯಲ್ಲಿ ದಿನಚರಿಯ ಭಾಗವೊಂದಿತ್ತು. 1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಆ ಚಿಕಿತ್ಸೆಯನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು: ಕೆಲವರಿಗೆ ಪೂರ್ಣ ಚಿಕಿತ್ಸೆ, ಕೆಲವರಿಗೆ ದಿನಚರಿಯ ಭಾಗ ಮಾತ್ರ. ದಿನಚರಿಯೊಂದನ್ನೇ ಪಡೆದವರೂ ಉಳಿದವರಷ್ಟೇ ಚೇತರಿಸಿಕೊಂಡರು.

ಆ ದಿನಚರಿ ನೋಡಲು ಬಹಳ ಸರಳ. ಗಂಟೆಗೊಂದು ಸಾಲಿನಂತೆ ಏನು ಮಾಡಿದೆ ಎಂದು ಬರೆಯಬೇಕು. ಎಷ್ಟು ಹಿತವೆನಿಸಿತು, ಎಷ್ಟು ಸಾಧಿಸಿದಂತಾಯಿತು ಎಂಬುದಕ್ಕೆ ಪಕ್ಕದಲ್ಲೇ ಅಂಕ. ಕಿಟಕಿ ತೆರೆದದ್ದೂ ಲೆಕ್ಕಕ್ಕಿದೆ. ಖಿನ್ನತೆ ನಮ್ಮನ್ನು ಮೂಲೆಗೆ ಸರಿಸುತ್ತದೆ. ಮೂಲೆಯಲ್ಲಿದ್ದಷ್ಟೂ ಸಂತೋಷ ಸಿಗುವ ದಾರಿಗಳು ಮುಚ್ಚುತ್ತವೆ. ಖಿನ್ನತೆ ಇನ್ನಷ್ಟು ಬಲಿಯುತ್ತದೆ. ಮನಸ್ಸು ಬಂದ ಮೇಲೆ ಎದ್ದೇನು ಎಂದು ಕಾಯುವವರಿಗೆ ಅದು ಬರುವುದೇ ಇಲ್ಲ. ಮನಸ್ಸಿಲ್ಲದಿದ್ದರೂ ಹತ್ತು ನಿಮಿಷ ನಡೆದು ಬಂದು ಅಂಕ ಬರೆಯುವಾಗ, ಸೊನ್ನೆ ಎಂದುಕೊಂಡಿದ್ದ ಕಡೆ ಎರಡು ಬಂದಿರುತ್ತದೆ. ಆ ಎರಡು ಯಾರೋ ಹೇಳಿದ ಸಮಾಧಾನವಲ್ಲ, ಅವರದ್ದೇ ಕೈಬರಹದ ಸಾಕ್ಷಿ.

ಎಲ್ಲರ ದುಃಖಕ್ಕೂ ಇದೇ ಬೀಗದ ಕೈ ಅಲ್ಲ. ಸಾವು, ಜಗಳ, ಕೈತಪ್ಪಿದ ಕೆಲಸ ಇಂಥವುಗಳಿಂದ ಖಿನ್ನತೆ ಹುಟ್ಟಿದ್ದರೆ ಸಂಬಂಧಗಳನ್ನೇ ಮುಂದಿಟ್ಟುಕೊಂಡು ಮಾತನಾಡುವ ಇನ್ನೊಂದು ಪದ್ಧತಿಯಿದೆ. ಅದಕ್ಕೂ ಒಳ್ಳೆಯ ಪುರಾವೆಗಳಿವೆ.

ಚಿಕಿತ್ಸೆ ಮುಗಿದ ಮೇಲೂ ಕಲಿತದ್ದು ಉಳಿಯುತ್ತದೆಯೇ? ಬೆಕ್ ಅವರ ಪದ್ಧತಿಯ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅದರಿಂದ ಚೇತರಿಸಿಕೊಂಡವರ ಪೈಕಿ ಒಂದು ವರ್ಷದೊಳಗೆ ಖಿನ್ನತೆ ಮರಳಿದ್ದು ಶೇ. 31ರಷ್ಟು ಜನರಿಗೆ, ಮಾತ್ರೆಯಿಂದ ಚೇತರಿಸಿಕೊಂಡು ಅದನ್ನು ನಿಲ್ಲಿಸಿದವರಲ್ಲಿ ಶೇ. 76ರಷ್ಟು ಜನರಿಗೆ. ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ಬಿಡಬಾರದು. ತೀವ್ರ ಖಿನ್ನತೆಯಲ್ಲಿ ಮಾತ್ರೆ ಮತ್ತು ಮಾತು ಎರಡೂ ಕೂಡಿದಾಗಲೇ ಹೆಚ್ಚು ಪ್ರಯೋಜನ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ವಾರದ ಭೇಟಿಗೆ ಕಾಯದೆ ಆ ದಿನವೇ ವೈದ್ಯರನ್ನು ಕಾಣಬೇಕು, ಹತ್ತಿರದವರೊಬ್ಬರಿಗೆ ತಿಳಿಸಬೇಕು.

ಸಾಮಾನ್ಯವಾಗಿ ವಾರಕ್ಕೊಂದರಂತೆ ಹನ್ನೆರಡರಿಂದ ಇಪ್ಪತ್ತು ಭೇಟಿಗಳು ಬೇಕಾಗುತ್ತವೆ. ಮೊದಲ ಭೇಟಿಯಲ್ಲಿ ಮಾತೇ ಹೊರಡದೆ ಕೂತರೂ ಚಿಂತೆಯಿಲ್ಲ. ಎದುರಿಗಿರುವವರು ಅಂಥ ಮೌನವನ್ನು ಎಷ್ಟೋ ಸಲ ಕಂಡಿರುತ್ತಾರೆ. ಕೆಲವು ವಾರಗಳಾದರೂ ಏನೂ ಬದಲಾಗದಿದ್ದರೆ "ಇದರಿಂದ ನನಗೆ ಉಪಯೋಗವಾಗುತ್ತಿಲ್ಲ" ಎಂದು ಅವರಿಗೇ ಹೇಳಿ. ಒಳ್ಳೆಯ ಚಿಕಿತ್ಸಕರು ಅದನ್ನು ದೂರೆಂದು ತಿಳಿಯುವುದಿಲ್ಲ, ಆ ದಿನದ ಮಾತನ್ನು ಅಲ್ಲಿಂದಲೇ ಶುರುಮಾಡುತ್ತಾರೆ.