‘ಕಣ್ವ’ ಎಂಬ ಹೆಸರಿನ ಅರ್ಥವೇನು? ಅದನ್ನು ಮಗುವಿಗೆ ಇಡಬಹುದೇ?

ಓದುಗರ ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಸಮೀಪದವರು. ಮಗನಿಗೆ ‘ಕಣ್ವ’ ಎಂದು ಹೆಸರಿಡುವ ಆಸೆಯಿದೆ. ಅದು ಋಷಿಯ ಹೆಸರೇ ಹೊರತು ಮಕ್ಕಳಿಗೆ ಇಡುವ ಹೆಸರಲ್ಲ ಎಂದು ಮನೆಯ ಹಿರಿಯರು ಹೇಳುತ್ತಾರೆ. ಅದರ ಅರ್ಥವೇನು, ಮೂಲ ಯಾವುದು, ಅದು ಇಷ್ಟು ಅಪರೂಪವೇಕೆ?

ಉತ್ತರ: ಅರ್ಥದ ವಿಷಯದಲ್ಲಿ ನೀವು ಅಳುಕಬೇಕಾಗಿಲ್ಲ. ವೈದಿಕ ಪದಗಳ ಅತಿ ಹಳೆಯ ಕೋಶವಾದ ನಿಘಂಟುವಿನ ಮೂರನೆಯ ಅಧ್ಯಾಯದಲ್ಲಿ ‘ಮೇಧಾವಿ’ ಎಂಬ ಅರ್ಥ ಕೊಡುವ ಪದಗಳನ್ನು ಒಂದೆಡೆ ಜೋಡಿಸಿದ್ದು, ವಿಪ್ರ, ಧೀರ, ಕವಿ, ಮನೀಷಿ ಎಂಬ ಪದಗಳ ಸಾಲಿನಲ್ಲಿಯೇ ‘ಕಣ್ವ’ವೂ ಇದೆ. ವೈಯಾಕರಣರು ಅಶ್ವ, ವಿಶ್ವ ಎಂಬ ಪದಗಳನ್ನು ಸಾಧಿಸುವ ಉಣಾದಿ ಸೂತ್ರದಿಂದಲೇ (ಧಾತುವಿಗೆ ಪ್ರತ್ಯಯ ಸೇರಿಸಿ ಪದ ಕಟ್ಟುವ ವ್ಯಾಕರಣ ಸೂತ್ರ) ಇದನ್ನೂ ‘ಕಣ್’ ಧಾತುವಿನಿಂದ ಸಾಧಿಸುತ್ತಾರೆ. ಆ ಧಾತುವಿಗೆ ಧ್ವನಿ ಮಾಡುವುದು ಎಂಬ ಅರ್ಥವಿರುವುದರಿಂದ ‘ಸ್ತುತಿಸುವವನು’ ಎಂದೂ ಹೇಳುವುದುಂಟು. ನಮ್ಮ ‘ಕಣ್ಣು’ ಪದಕ್ಕೂ ಇದಕ್ಕೂ ನಂಟಿಲ್ಲ. ಹಾಗಿದ್ದರೂ ದೃಷ್ಟಿ ಕಳೆದುಕೊಂಡಿದ್ದ ಕಣ್ವನಿಗೆ ಅಶ್ವಿನೀ ದೇವತೆಗಳು ಕಣ್ಣು ಕೊಟ್ಟರೆಂಬ ಮಾತು ಋಗ್ವೇದದಲ್ಲಿ ಬರುವುದು ಒಂದು ಸೋಜಿಗ. ಒಂದು ವಿಷಯವನ್ನು ಮುಚ್ಚಿಡಬಾರದು: ಅಥರ್ವವೇದದ ಎರಡನೆಯ ಕಾಂಡದಲ್ಲಿ ‘ಕಣ್ವ’ ಎಂಬುದು ಗರ್ಭಕ್ಕೆ ಕೇಡು ಮಾಡುವ ದುಷ್ಟಶಕ್ತಿಯ ಹೆಸರಾಗಿಯೂ ಬಂದಿದೆ. ಯಾರಾದರೂ ಅದನ್ನು ಎತ್ತಿ ಆಡಿದರೆ ಗಾಬರಿಯಾಗುವ ಅಗತ್ಯವಿಲ್ಲ. ಆ ಪ್ರಯೋಗ ಗ್ರಂಥದೊಳಗೇ ಉಳಿಯಿತು, ಜನರ ನೆನಪಿನಲ್ಲಿ ನಿಂತದ್ದು ಋಷಿ.

ಆ ಋಷಿಯೂ ಒಬ್ಬನಲ್ಲ. ಋಗ್ವೇದದ ಮೊದಲ ಮಂಡಲದ 36ರಿಂದ 43ರವರೆಗಿನ ಸೂಕ್ತಗಳು ಘೋರನ ಮಗನಾದ ಕಣ್ವನ ಹೆಸರಿನಲ್ಲಿವೆ. ‘ಉದು ತ್ಯಂ ಜಾತವೇದಸಂ’ ಎಂದು ಆರಂಭವಾಗುವ ಸೂರ್ಯಸೂಕ್ತ ಅದೇ ವಂಶದ ಪ್ರಸ್ಕಣ್ವನದು. ಎಂಟನೆಯ ಮಂಡಲದ ಬಹುಭಾಗವೂ ಕಾಣ್ವರದೇ. ಶುಕ್ಲ ಯಜುರ್ವೇದದ ಎರಡು ಶಾಖೆಗಳಲ್ಲಿ ಒಂದಕ್ಕೆ ಕಾಣ್ವ ಶಾಖೆ ಎಂದು ಹೆಸರು, ಮತ್ತು ಶಂಕರಾಚಾರ್ಯರು ಬೃಹದಾರಣ್ಯಕಕ್ಕೆ ಭಾಷ್ಯ ಬರೆದದ್ದು ಆ ಶಾಖೆಯ ಪಾಠಕ್ಕೆ. ಶುಂಗರ ಅನಂತರ ಮಗಧವನ್ನು ಆಳಿದ ಕಣ್ವ ವಂಶದ ನಾಲ್ವರು ರಾಜರಿಗೆ ಪುರಾಣಗಳು ಒಟ್ಟು 45 ವರ್ಷಗಳ ಆಳ್ವಿಕೆಯನ್ನು ಲೆಕ್ಕ ಹಾಕುತ್ತವೆ. ಇಷ್ಟೆಲ್ಲ ಇದ್ದರೂ ಸಾಮಾನ್ಯ ಓದುಗನಿಗೆ ಕಣ್ವನೆಂದರೆ ಶಕುಂತಲೆಯ ಸಾಕುತಂದೆ. ಕಾಳಿದಾಸನ ನಾಟಕದ ನಾಲ್ಕನೆಯ ಅಂಕದಲ್ಲಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ಹೊತ್ತಿಗೆ ಅವನ ಕೊರಳು ಬಿಗಿಯುತ್ತದೆ, ಮತ್ತು ಕಾಡಿನಲ್ಲಿರುವ ನನಗೇ ಹೀಗಾದರೆ ಸಂಸಾರಿಗಳ ಪಾಡೇನು ಎಂದು ಅವನು ತನ್ನಲ್ಲೇ ಕೇಳಿಕೊಳ್ಳುತ್ತಾನೆ. ಹೆತ್ತವನಲ್ಲದಿದ್ದರೂ ತಂದೆಯಾದವನ ಹೆಸರನ್ನು ಮಗುವಿಗೆ ಇಡುವುದರಲ್ಲಿ ನನಗಂತೂ ಯಾವ ಕೊರತೆಯೂ ಕಾಣುವುದಿಲ್ಲ.

ಕುಂಬಳೆಯವರಾದ ನಿಮಗೆ ಇದಕ್ಕಿಂತ ಹತ್ತಿರದ ಕಾರಣವೂ ಇದೆ. ಕುಂಬಳೆ ಸೀಮೆಯ ಪ್ರಧಾನ ದೇವಸ್ಥಾನಗಳೆಂದು ಎಣಿಸುವ ಅಡೂರು, ಮಧೂರು, ಮುಜುಂಗಾವು, ಕಣಿಪುರಗಳ ಪೈಕಿ ಕಣಿಪುರದ ಗೋಪಾಲಕೃಷ್ಣನನ್ನು ಪ್ರತಿಷ್ಠೆ ಮಾಡಿದವರು ಕಣ್ವ ಮುನಿಗಳೆಂದೂ, ಕಣ್ವಪುರವೇ ಕಣಿಪುರವಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಸ್ಥಳಪುರಾಣವನ್ನು ಶಾಸನದಂತೆ ಓದಬಾರದು; ವಿಷುವಿನ ದಿನ ಬೆಳಿಗ್ಗೆ ಎದ್ದೊಡನೆ ಕಣಿಯನ್ನು, ಅಂದರೆ ಜೋಡಿಸಿಟ್ಟ ಮಂಗಳವಸ್ತುಗಳನ್ನು, ಕಾಣುವ ಊರಿನಲ್ಲಿ ‘ಕಣಿ’ ಎಂಬುದು ಸ್ವತಂತ್ರವಾದ ಪದವೂ ಹೌದು. ಆದರೆ ಜನವರಿಯಲ್ಲಿ ಆ ದೇವಸ್ಥಾನದ ಜಾತ್ರೆಯ ಸಿಡಿಮದ್ದಿನ ಉತ್ಸವವಾದ ಕುಂಬಳೆ ಬೆಡಿಗೆ ಹೋಗಿ ಬರುವವರ ಮನಸ್ಸಿನಲ್ಲಿ ಕಣ್ವ ಎಂಬ ಹೆಸರು ಊರಿನೊಂದಿಗೆ ಬೆರೆತಿದೆ, ಮತ್ತು ಹೆಸರಿಡುವುದಕ್ಕೆ ಅಷ್ಟು ನಂಟು ಸಾಕು.

ಹಾಗಾದರೆ ಇದು ಅಪರೂಪವೇಕೆ? ನನ್ನ ಅಭಿಪ್ರಾಯದಲ್ಲಿ ಕಾರಣ ನಮ್ಮ ಹೆಸರಿಡುವ ಪದ್ಧತಿಯಲ್ಲಿದೆ. ಹಿರಿಯ ಮಗನಿಗೆ ಅಜ್ಜನ ಹೆಸರು, ಅನಂತರದವರಿಗೆ ಮನೆದೇವರ ಅಥವಾ ಸೀಮೆಯ ದೇವರ ಹೆಸರು ಎಂಬ ರೂಢಿಯಿಂದಾಗಿ ಸುಬ್ರಾಯ, ಮಹಾಲಿಂಗ, ಗೋಪಾಲಕೃಷ್ಣ, ಶಂಕರನಾರಾಯಣ ಎಂಬ ಹೆಸರುಗಳೇ ತಲೆಮಾರುಗಳವರೆಗೆ ಸುತ್ತಿದವು. ಕುಂಬಳೆಯವರು ಕೂಡ ಗೋಪಾಲಕೃಷ್ಣ ಎಂದು ಇಟ್ಟರೇ ಹೊರತು, ಅವನನ್ನು ಪ್ರತಿಷ್ಠೆ ಮಾಡಿದವನ ಹೆಸರನ್ನು ಇಡಲಿಲ್ಲ. ಋಷಿಗಳ ಹೆಸರುಗಳು ಗೋತ್ರ ಪ್ರವರಗಳಲ್ಲಿ ಉಳಿದವು. ಆಂಗಿರಸ, ಆಜಮೀಢ, ಕಾಣ್ವ ಎಂದು ಪ್ರವರ ಹೇಳುವವರು ಕೂಡ ಅದನ್ನು ತೊಟ್ಟಿಲಿನ ಮಗುವಿನ ಹೆಸರೆಂದು ಯೋಚಿಸಿರಲಿಕ್ಕಿಲ್ಲ. ನಿಮ್ಮ ಹಿರಿಯರ ಮಾತಿನ ಹಿಂದಿರುವುದು ನಿಷೇಧವಲ್ಲ, ಬಳಕೆಯಿಲ್ಲದಿರುವುದು ಮಾತ್ರ. ಎರಡಕ್ಷರದ ಹೆಸರುಗಳನ್ನು ಹುಡುಕುವ ಈಗಿನ ತಂದೆತಾಯಿಗಳಿಗೆ ಇದು ಹಿಡಿಸುವುದು ಸಹಜ. ನಕ್ಷತ್ರದ ಅಕ್ಷರ ನೋಡುವವರಾದರೆ, ಮೃಗಶಿರಾ ನಕ್ಷತ್ರದ ಮೂರನೆಯ ಪಾದಕ್ಕೆ ‘ಕ’ ಬರುತ್ತದೆ.

ತೊಡಕು ಇರುವುದು ಬರೆಯುವಲ್ಲಿ. ನಾಮಕರಣದ ದಿನ ಹರಿವಾಣದ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆಯುವಾಗ ಣಕಾರ ಬರೆದು ಅದರ ಕೆಳಗೆ ವಕಾರದ ಒತ್ತು ಎಳೆದರೆ ಮುಗಿಯಿತು. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕೂಡಲೇ ಣ, ನ ಎಂಬ ಭೇದ ಅಳಿಸಿಹೋಗಿ, ಊರ ಹೊರಗಿನವರ ಬಾಯಲ್ಲಿ ಅದು ‘ಕನ್ವ’ ಆಗುತ್ತದೆ. ಮಲಯಾಳಂ ಲಿಪಿಯಲ್ಲಿ ಣಕಾರ ಭದ್ರವಾಗಿದೆ, ಆದರೆ ಅಲ್ಲಿ ಬೇರೊಂದು ಅಪಾಯವಿದೆ: ಕೃಷ್ಣ ಕೃಷ್ಣನ್ ಆಗುವಂತೆ ಕಣ್ವ ‘ಕಣ್ವನ್’ ಆಗಬಹುದು. ಆದ್ದರಿಂದ ಪಂಚಾಯತಿನಲ್ಲಿ ಜನನ ನೋಂದಣಿಗೆ ಹೆಸರು ಸೇರಿಸುವಾಗ ಮಲಯಾಳಂ ಮತ್ತು ಇಂಗ್ಲಿಷ್ ರೂಪಗಳೆರಡನ್ನೂ ನೀವೇ ಕಾಗದದಲ್ಲಿ ಬರೆದು ಕೊಟ್ಟು, ಅಚ್ಚಾಗುವ ಮುನ್ನ ಒಮ್ಮೆ ಓದಿ ನೋಡಿರಿ. ಜನನವನ್ನು ನೋಂದಾಯಿಸಿದ ಮೇಲೆ ಹೆಸರು ಸೇರಿಸಲು 1 ವರ್ಷದವರೆಗೆ ಶುಲ್ಕವಿಲ್ಲದ ಅವಕಾಶವಿರುವುದರಿಂದ ಅವಸರದ ಕಾರಣವೂ ಇಲ್ಲ.

ಇನ್ನು ಕರೆಯುವ ಹೆಸರು. ಪಕ್ಕದ ಮನೆಯ ಮಲಯಾಳಿಗಳು ಎರಡೇ ದಿನದಲ್ಲಿ ಅವನನ್ನು ‘ಕಣ್ಣಾ’ ಎಂದು ಕೂಗತೊಡಗಿದರೆ ತಿದ್ದಲು ಹೋಗಬೇಡಿ. ಕಣ್ಣನ್ ಎಂಬುದು ಕೃಷ್ಣ ಪದದ ಪ್ರಾಕೃತ ರೂಪದಿಂದ ಬಂದದ್ದು, ಕಣ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಣಿಪುರದಲ್ಲಿ ಪ್ರತಿಷ್ಠೆ ಮಾಡಿದವನು ಕಣ್ವ, ಪ್ರತಿಷ್ಠೆಗೊಂಡವನು ಕಣ್ಣ.