ಐಸಿಯುನಲ್ಲಿ ಕಣ್ಣು ಹಳದಿಯಾದರೆ ಲಿವರ್ ಹೋಯ್ತು ಅಂತಾನಾ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ನ್ಯುಮೋನಿಯಾ ಜಾಸ್ತಿಯಾಗಿ, ಸೆಪ್ಸಿಸ್ (ಸೋಂಕಿನಿಂದ ಅಂಗಗಳಿಗೇ ಪೆಟ್ಟು ಬೀಳುವ ಸ್ಥಿತಿ) ಅಂತ ಐಸಿಯುಗೆ ಸೇರಿಸಿದ್ದೇವೆ. ಅವರು ಕುಡಿಯುವವರಲ್ಲ, ಹಿಂದೆ ಯಾವತ್ತೂ ಕಾಮಾಲೆ ಬಂದಿಲ್ಲ. ಐದನೇ ದಿನಕ್ಕೆ ಕಣ್ಣು ಹಳದಿಯಾಗಿದೆ, ಬಿಲಿರುಬಿನ್ (ಪಿತ್ತದಲ್ಲಿರುವ ಹಳದಿ ಪದಾರ್ಥ) 4 ಅಂತೆ. ಲಿವರ್ ಕೂಡ ಕೈಕೊಟ್ಟಿತಾ?

ಉತ್ತರ: ಲಿವರ್ ಅಂದ ಕೂಡಲೇ ನಮಗೆ ನೆನಪಾಗುವುದು ಕುಡಿತ. ಐಸಿಯುನಲ್ಲಿ ಕಥೆ ಬೇರೆ. ಹೃದಯದಿಂದ ಹೊರಡುವ ರಕ್ತದಲ್ಲಿ ಸುಮಾರು ಕಾಲು ಭಾಗ ಲಿವರ್‌ಗೆ ಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳನ್ನು ಸುತ್ತಿಕೊಂಡು ಬಂದದ್ದು, ಆಕ್ಸಿಜನ್ ಆಗಲೇ ಒಂದಿಷ್ಟು ಖರ್ಚಾಗಿರುತ್ತದೆ. ಹಾಗಾಗಿ ಬಿಪಿ ತುಂಬಾ ಬಿದ್ದರೆ ಲಿವರ್‌ಗೂ ಪೆಟ್ಟು ಬೀಳುತ್ತದೆ. ಆಗ ಸುಮಾರು 40ರೊಳಗೆ ಇರಬೇಕಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಲಿವರ್ ಎಂಜೈಮ್‌ಗಳು ಒಂದೇ ದಿನದಲ್ಲಿ ಸಾವಿರ ದಾಟುತ್ತವೆ. ಇದಕ್ಕೆ 'ಶಾಕ್ ಲಿವರ್' ಅನ್ನುತ್ತಾರೆ. ರಕ್ತದ ಓಟ ಸರಿಹೋದರೆ ಕೆಲವೇ ದಿನಗಳಲ್ಲಿ ಇಳಿಯುತ್ತವೆ.

ನಿಮ್ಮ ಅಪ್ಪನದು ಬಹುಶಃ ಇನ್ನೊಂದು ಬಗೆ. ಸೋಂಕಿನ ಉರಿಯೂತದಲ್ಲಿ ಲಿವರ್ ಕಣಗಳು ಪಿತ್ತವನ್ನು ಹೊರಗೆ ತಳ್ಳುವ ಕೆಲಸ ನಿಧಾನ ಮಾಡುತ್ತವೆ. ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣು ಹಳದಿಯಾಗುತ್ತದೆ. ಇದೇ ಅಂತ ಹೇಳುವ ಮೊದಲು ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡಿಸಿ ಪಿತ್ತಕೋಶ ನೋಡುತ್ತಾರೆ, ಕೊಡುತ್ತಿರುವ ಆಂಟಿಬಯಾಟಿಕ್‌ಗಳ ಮೇಲೂ ಒಂದು ಕಣ್ಣಿಡುತ್ತಾರೆ.

ಇದು ಗಂಭೀರವೇ? ಹೌದು, ಸುಳ್ಳು ಹೇಳಲಾರೆ. ಐಸಿಯುನಲ್ಲಿ ಅಂಗಗಳು ಎಷ್ಟು ಸೋತಿವೆ ಅಂತ ಅಳೆಯಲು ಬಳಸುವ ಸೋಫಾ (SOFA) ಸ್ಕೋರಿನಲ್ಲಿ ಆರು ಅಂಗಗಳಿಗೆ ತಲಾ 0ರಿಂದ 4 ಅಂಕ. ಅಂಕ ಏರಿದಷ್ಟೂ ಅಪಾಯ. ಬಿಲಿರುಬಿನ್ 2ರಿಂದ 5.9 ಇದ್ದರೆ 2 ಅಂಕ, 12ಕ್ಕೆ ಬಂದರೆ ಪೂರ್ತಿ 4. ಶಾಕ್ ಲಿವರ್ ಆದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಆದರೆ ಅವರಲ್ಲಿ ಹೆಚ್ಚಿನವರ ಜೀವ ತೆಗೆಯುವುದು ಲಿವರ್‌ಗೆ ಏಟು ಕೊಟ್ಟ ಮೂಲ ಕಾಯಿಲೆ, ಹೃದಯದ್ದೋ ಸೆಪ್ಸಿಸ್ಸೋ. ಅದಕ್ಕೇ ಲಿವರ್‌ಗೆ ಅಂತ ಪ್ರತ್ಯೇಕ ಔಷಧಿ ಬರೆಯದೆ, ಸೋಂಕು ಮತ್ತು ಬಿಪಿಯ ಹಿಂದೆ ಬಿದ್ದಿರುತ್ತಾರೆ.

ನಾಳೆ ಡಾಕ್ಟರ್ ಸಿಕ್ಕಾಗ ಬಿಲಿರುಬಿನ್ ಜೊತೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬ ಅಳತೆ) ಎಷ್ಟಿದೆ ಅಂತಲೂ ಕೇಳಿ. ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ಬಹುಪಾಲು ತಯಾರಿಸುವುದು ಲಿವರ್. ಐಎನ್‌ಆರ್ ಏರುತ್ತಾ, ಸಕ್ಕರೆ ಪದೇಪದೇ ಇಳಿಯುತ್ತಾ, ಮಂಪರು ಹೆಚ್ಚುತ್ತಾ ಹೋದರೆ ಲಿವರ್ ನಿಜಕ್ಕೂ ಸೋಲುತ್ತಿರಬಹುದು. ಆಗ ಎಸ್‌ಜಿಪಿಟಿ ಇಳಿದರೂ ಖುಷಿಪಡುವ ಹಾಗಿಲ್ಲ. ಎಂಜೈಮ್ ಸುರಿಸಲು ಕಣಗಳೇ ಹೆಚ್ಚು ಉಳಿದಿಲ್ಲ ಅಂತಲೂ ಇರಬಹುದು.

ಇನ್ನೊಂದು ಮಾತು. ಯಾರಾದರೂ ನೆಂಟರು ನೆಲನೆಲ್ಲಿ ರಸ ತಂದು "ಮೂಗಿನ ಟ್ಯೂಬಲ್ಲಿ ಸ್ವಲ್ಪ ಬಿಡಿ" ಅಂದರೆ ದಯವಿಟ್ಟು ಒಪ್ಪಬೇಡಿ. ಈ ಕಾಮಾಲೆಗೆ ಅದು ಮದ್ದಲ್ಲ.

ಹಳದಿ ಬೇಗ ಹೋಗಲಿಲ್ಲ ಅಂತಲೂ ಗಾಬರಿಯಾಗಬೇಡಿ. ಬಿಲಿರುಬಿನ್‌ನ ಒಂದು ಪಾಲು ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡು ವಾರಗಟ್ಟಲೆ ಸುತ್ತುತ್ತಿರುತ್ತದೆ. ವಾರ್ಡಿಗೆ ಬಂದು, ಎದ್ದು ಕೂತು ಇಡ್ಲಿ ತಿನ್ನುವವರ ಕಣ್ಣೂ ಇನ್ನೂ ಹಳದಿ ಇರುವುದುಂಟು.